ಅಜ್ಜಿಯ ಕೌದಿ, ಅವ್ವನ ಮಾದಲಿ

ರಜೆ ಮುಗಿದು ಮಗನೋ ಮಗಳೋ ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಎಷ್ಟೋ ಮನೆಗಳಲ್ಲಿ ಅಂದು ಎರಡು ಗಂಟು ಸಿದ್ಧವಾಗುತ್ತವೆ. ಒಂದರಲ್ಲಿ ಮಡಿಚಿಟ್ಟ ಕೌದಿ. ಇನ್ನೊಂದರಲ್ಲಿ ಡಬ್ಬಿ ತುಂಬ ಮಾದಲಿ, ಇಲ್ಲವೆ ಶೇಂಗಾ ಹೋಳಿಗೆ. ಡಬ್ಬಿಗೆ ಯಾರೂ ಬೇಡವೆನ್ನುವುದಿಲ್ಲ. ತಕರಾರು ಬರುವುದು ಕೌದಿಯದು. ‘ಅದು ಬ್ಯಾಡವ್ವಾ, ಎಲ್ಲಾರೂ ನಗತಾರ. ಅಂಗಡ್ಯಾಗಿಂದ ಬ್ಲ್ಯಾಂಕೆಟ್ ಕೊಡಸು’ ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಅಜ್ಜಿ ಸುಮ್ಮನೆ ಕೌದಿಯನ್ನು ಮತ್ತೆ ಗೂಡಿಗೆ ಸೇರಿಸುತ್ತಾಳೆ.

ಹೀಗೆ ಗೂಡು ಸೇರಿದ ಕೌದಿ ಮತ್ತೆ ಹೊರಗೆ ಬರುವುದೇ? ಅದನ್ನು ಹೊಲಿಯುವ ಕೈ ಮುಂದಿನ ತಲೆಮಾರಿನಲ್ಲಿ ಉಳಿಯುವುದೇ? ಈ ಭಾಗದ ಮನೆಗಳ ಮುಂದಿರುವ ಪ್ರಶ್ನೆ ಇದು.

ನೆಲ ಕೊಟ್ಟ ಸಾಮಗ್ರಿ

ಜಮಖಂಡಿ, ಮುಧೋಳ ಎರಡೂ 1948ರವರೆಗೆ ಸಂಸ್ಥಾನದ ಊರುಗಳು. ಮುಂದೆ ಬಿಜಾಪುರ ಜಿಲ್ಲೆಗೆ ಸೇರಿದ ಈ ಪ್ರದೇಶ 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಬಂತು. ಕೃಷ್ಣಾ, ಘಟಪ್ರಭಾ ನದಿಗಳ ನೀರು ಹರಿದಲ್ಲೆಲ್ಲ ಕಬ್ಬು. ಎರೆಮಣ್ಣಿನಲ್ಲಿ ಗೋಧಿ, ಜೋಳ, ಕಡಲೆ. ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದರೆ, ರಬಕವಿ-ಬನಹಟ್ಟಿ ಸೀರೆ ನೇಯುವ ಅವಳಿ ಊರು. ಬೆಲ್ಲ, ಗೋಧಿ, ಬಟ್ಟೆ ಮೂರೂ ಕೈಗೆಟಕುವಲ್ಲಿದ್ದಾಗ ಮನೆಯ ಹೆಣ್ಣುಮಕ್ಕಳು ಅವುಗಳಿಂದಲೇ ತಮ್ಮ ವಿದ್ಯೆ ಕಟ್ಟಿಕೊಂಡದ್ದು ಸಹಜ. ಈ ವಿದ್ಯೆಯ ವಿಶೇಷವೆಂದರೆ ಇದರಲ್ಲಿ ಯಾವುದನ್ನೂ ಬಿಸಾಡುವುದಿಲ್ಲ.

ಹಳತು ಸೇರಿ ಹೊಸದು

ಕೌದಿಗೆ ಹೊಸ ಬಟ್ಟೆ ಬೇಕಿಲ್ಲ, ಹಳೆಯದೇ ಲೇಸು. ಉಟ್ಟು, ಒಗೆದು ಮೆತ್ತಗಾದ ನೂಲಿನ ಸೀರೆ, ಧೋತರ ಇದಕ್ಕೆ ಮೊದಲ ಆಯ್ಕೆ. ಅಗಲವಾದ ಸೀರೆಯೊಂದನ್ನು ನೆಲಕ್ಕೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಪದರ ಪದರವಾಗಿ ಹಳೆಯ ಅರಿವೆ ಹರಡುತ್ತಾರೆ. ಎಲ್ಲಕ್ಕಿಂತ ಮೇಲೆ ಬಣ್ಣ ಬಣ್ಣದ ತುಂಡುಗಳು ಚೌಕ, ಪಟ್ಟಿ, ಮುಕ್ಕೋನದ ಆಕಾರದಲ್ಲಿ ಕೂರುತ್ತವೆ. ಆಮೇಲೆ ದಪ್ಪ ದಾರದ ಸಾಲು ಹೊಲಿಗೆ. ಅಂಚಿನಿಂದ ಆರಂಭವಾದ ಸಾಲು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತದೆ. ಹೊಲಿಗೆ ಒತ್ತಾಗಿದ್ದಷ್ಟೂ ಕೌದಿಯ ಬಾಳಿಕೆ ಹೆಚ್ಚು. ಮನೆಗೆಲಸ ಮುಗಿಸಿ ಮಧ್ಯಾಹ್ನ ಸಿಕ್ಕ ವೇಳೆಯಲ್ಲಷ್ಟೇ ಹೊಲಿದರೆ ಒಂದು ಕೌದಿಗೆ ವಾರಗಳೇ ಹಿಡಿಯುತ್ತವೆ. ಉತ್ತರ ಕರ್ನಾಟಕದಲ್ಲಿ ಊರೂರು ಸುತ್ತಿ ಕೌದಿ ಹೊಲಿದು ಕೂಲಿ ಪಡೆಯುವ ಹೆಣ್ಣುಮಕ್ಕಳೂ ಇದ್ದಾರೆ.

ಕೌದಿ ಏಕೆ ಬೆಚ್ಚಗಿರುತ್ತದೆ? ಇದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಶ್ನೆ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಹೊಲಿಗೆಯ ಸಾಲುಗಳು ಪದರಗಳು ಸರಿಯದಂತೆ, ಮುದ್ದೆಯಾಗದಂತೆ ಹಿಡಿದಿಡುತ್ತವೆ. ನೂಲಿನ ಬಟ್ಟೆ ಬೆವರನ್ನೂ ಹೀರುತ್ತದೆ. ಪಾಲಿಯೆಸ್ಟರ್ ಸೀರೆಗಳು ಬಂದ ಮೇಲೆ ತೊಡಕಾದದ್ದು ಇಲ್ಲಿಯೇ. ಅವು ಸೂಜಿಯಡಿ ಜಾರುತ್ತವೆ, ಬೆವರು ಹೀರುವುದಿಲ್ಲ. ‘ಅರಿವಿನ ಇಲ್ಲದಾಗ ಕೌದಿ ಎಲ್ಲಿಂದ ಬರಬೇಕು?’ ಎಂಬ ಹಿರಿಯರ ಮಾತಿನಲ್ಲಿ ಹುರುಳಿದೆ.

ಇಂಥ ಹೊಲಿಗೆಗೆ ಹೊರಗೆ ಎಂಥ ಮರ್ಯಾದೆ ಸಿಕ್ಕಿದೆ ಎಂಬುದನ್ನೂ ನೋಡಬೇಕು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಬಡ ಹಳ್ಳಿಯಿದೆ. ಅಲ್ಲಿನ ಕಪ್ಪು ಜನಾಂಗದ ಹೆಣ್ಣುಮಕ್ಕಳು ಚಳಿ ತಡೆಯಲೆಂದು ಹಳೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾ ಸಂಗ್ರಹಾಲಯದ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರದ ಅಂಚೆಚೀಟಿಗಳನ್ನೇ ಹೊರತಂದಿತು. ನಮ್ಮಲ್ಲಿಯೂ ಉತ್ತರ ಕನ್ನಡದ ಸಿದ್ಧಿ ಹೆಣ್ಣುಮಕ್ಕಳ ಕೌದಿಗಳನ್ನು ಕಲಾಸಕ್ತರು ಹುಡುಕಿಕೊಂಡು ಬರುತ್ತಾರೆ. ಬಂಗಾಳದ ‘ಕಾಂಥಾ’ ಹೊಲಿಗೆಗೂ ಇಂಥದೇ ಹೆಸರಿದೆ. ಹಾಗಿದ್ದರೆ ಹಾಸ್ಟೆಲಿನಲ್ಲಿ ಕೌದಿ ಹೊದೆಯಲು ನಾಚಿಕೆ ಏಕೆ?

ಮುರಿದ ಚಪಾತಿಯ ಹಬ್ಬ

ಈ ಸೀಮೆಯ ಹಳೆಯ ಅಡುಗೆಮನೆಯಲ್ಲಿ ಓವನ್ ಇರಲಿಲ್ಲ. ಒಲೆಯ ಮೇಲಿನ ಹಂಚೇ ಎಲ್ಲ. ಆ ಹಂಚಿನ ಮೇಲೆ ಬೆಂದ ಸಿಹಿಗಳಲ್ಲಿ ಮಾದಲಿಗೆ ದೊಡ್ಡ ಸ್ಥಾನ. ಗೋಧಿಗೆ ಸ್ವಲ್ಪ ಕಡಲೆಬೇಳೆ, ಅಕ್ಕಿ ಸೇರಿಸಿ ಹದವಾಗಿ ಹುರಿದು ತರಿತರಿಯಾಗಿ ಬೀಸಬೇಕು. ಹಿಟ್ಟನ್ನು ಗಟ್ಟಿಯಾಗಿ ನಾದಿ, ದಪ್ಪ ಚಪಾತಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಬೇಕು. ಬಿಸಿ ಇರುವಾಗಲೇ ಮುರಿದು, ಪುಡಿ ಮಾಡಿ, ಜರಡಿ ಹಿಡಿಯಬೇಕು. ಅದಕ್ಕೆ ಪುಡಿ ಬೆಲ್ಲ, ಪುಟಾಣಿ, ಒಣಕೊಬ್ಬರಿ ತುರಿ, ಗಸಗಸೆ, ಏಲಕ್ಕಿ, ಚೂರು ಒಣಶುಂಠಿ. ತಿನ್ನುವಾಗ ಮೇಲೆ ತುಪ್ಪ, ಬಿಸಿ ಹಾಲು. ಇಷ್ಟಾದರೆ ಹಬ್ಬ!

ಮಾದಲಿ ಮನೆಯ ಸಿಹಿ ಹೇಗೋ ಊರಿನ ಸಿಹಿಯೂ ಹಾಗೆಯೇ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿ ಹಳ್ಳಿಗಳಿಂದ ರೊಟ್ಟಿಯೊಂದಿಗೆ ಮಾದಲಿಯೂ ಹರಿದು ಬರುತ್ತದೆ. ಬೆಂದ ಚಪಾತಿಯಲ್ಲಿ ನೀರಿನಂಶ ಕಡಿಮೆ. ಆದ್ದರಿಂದ ಒಣಗಿದ ಡಬ್ಬಿಯಲ್ಲಿ ಮಾದಲಿ ಬೇಗ ಕೆಡುವುದಿಲ್ಲ. ಹುರಿದ ಶೇಂಗಾ, ಬೆಲ್ಲ ತುಂಬಿ ಹಂಚಿನ ಮೇಲೆ ಬೇಯಿಸಿದ ಹೋಳಿಗೆಯೂ ದಿನಗಟ್ಟಲೆ ಉಳಿಯುತ್ತದೆ. ಹಾಸ್ಟೆಲಿನ ಡಬ್ಬಿಗೆ ಅವ್ವಂದಿರು ಇವೆರಡನ್ನೇ ಆರಿಸುವುದರ ಹಿಂದೆ ಇಷ್ಟು ಲೆಕ್ಕವಿದೆ.

‘ಹದಾ ನೋಡಿ ಹಾಕಬೇಕು’

ಬೆಲ್ಲ ಎಷ್ಟು ಎಂದು ಮೊಮ್ಮಗಳು ಕೇಳಿದರೆ ಅಜ್ಜಿಯ ಉತ್ತರ ಒಂದೇ: ‘ಹದಾ ನೋಡಿ ಹಾಕಬೇಕವ್ವಾ’. ಈ ಹದ ಯಾವ ಪುಸ್ತಕದಲ್ಲೂ ಇಲ್ಲ, ಅದು ಕೈಯಲ್ಲಿದೆ. ಕೌದಿಯ ಮೊದಲ ಹೊಲಿಗೆ ಎಲ್ಲಿ ಹಾಕಬೇಕು, ಕುಸುರೆಳ್ಳಿಗೆ ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಯಾವಾಗ ಬಿಡಬೇಕು ಎಂಬುದೂ ಹಾಗೆಯೇ. ಸಣ್ಣ ಕೆಂಡದ ಮೇಲೆ ಎಳ್ಳನ್ನು ಬೆರಳಿನಿಂದ ಆಡಿಸುತ್ತ, ಪಾಕ ಹಾಕುತ್ತ ಕೂತರೆ ಪ್ರತಿ ಎಳ್ಳಿಗೂ ಬಿಳಿ ಮುಳ್ಳು ಬರುತ್ತದೆ. ಉರಿ ಜಾಸ್ತಿಯಾದರೆ ಎಲ್ಲವೂ ಗಂಟು! ಒಬ್ಬ ಅಜ್ಜಿ ಹೋದರೆ ಇಂಥ ಒಂದು ಶಾಲೆಯೇ ಮುಚ್ಚಿದಂತೆ.

ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತು ಎನ್ನುವಂತಿಲ್ಲ. ಸೂಜಿ, ಒಲೆ ಎಂದು ಹುಡುಗಿಯರನ್ನು ಶಾಲೆ ಬಿಡಿಸಿದ ಕಾಲವೂ ಇತ್ತು. ಆ ನೋವು ಉಂಡ ತಾಯಂದಿರೇ ಇಂದು ‘ನೀ ಮದಲ ಓದು, ಇದೆಲ್ಲಾ ಬ್ಯಾಡ’ ಎಂದು ಮಗಳನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಾರೆ. ಅವರ ಮಾತು ನ್ಯಾಯವಾದದ್ದೇ. ಆದರೆ ಓದು ಬೇರೆ, ಕೈಕೆಲಸ ಬೇರೆ ಎಂಬ ಗೋಡೆ ಅನಗತ್ಯ. ‘ಗದಾಯುದ್ಧ’ ಬರೆದ ಮುಧೋಳದ ರನ್ನ ಹತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ. ಇನ್ನು, ಕಲಿಯುವವರು ಹುಡುಗಿಯರೇ ಆಗಿರಬೇಕೆಂಬ ನಿಯಮವೂ ಬೇಡ. ಮಾದಲಿ ತಿನ್ನುವ ಮಗನಿಗೆ ಹಂಚಿನ ಮುಂದೆ ಕೂರಲು ಏನು ಅಡ್ಡಿ?

ರಜೆಯ ಒಂದು ಪಾಠ

ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಇಡೀ ಕೌದಿಯ ಗೋಜು ಬೇಡ. ಎರಡು ಗೇಣು ಚೌಕದ ಒಂದು ಆಸನ ಸಾಕು. ಅಜ್ಜಿಯ ಹಳೆಯ ಸೀರೆ, ಅಜ್ಜನ ಧೋತರ, ತಮ್ಮನ ಸಣ್ಣದಾದ ಅಂಗಿ ಕೂಡಿಸಿ ಹೊಲಿದರೆ ಓದಲು ಕೂರುವ ಆಸನ ಸಿದ್ಧ. ಅವ್ವ ಬೆಲ್ಲ ಹಾಕುವ ಮುನ್ನ ಬೊಗಸೆಯನ್ನು ತಕ್ಕಡಿಗೆ ಸುರಿದು ತೂಗಿ, ಅಳತೆಯನ್ನು ನೋಟುಬುಕ್ಕಿನಲ್ಲಿ ಬರೆದಿಡಬಹುದು. ಎರಡು-ಮೂರು ಸಲ ತೂಗಿದರೆ ‘ಹದ’ ಎಂದರೆ ಎಷ್ಟು ಎಂಬುದು ಹೊಳೆಯುತ್ತದೆ.

ಹೊಲಿಗೆ ಸೊಟ್ಟಗಾದೀತು, ಮಾದಲಿಗೆ ಬೆಲ್ಲ ಹೆಚ್ಚಾದೀತು. ಅಜ್ಜಿ ನಕ್ಕು, ಸೊಟ್ಟ ಸಾಲು ಬಿಚ್ಚಿ ಮತ್ತೆ ಹಾಕಿಕೊಟ್ಟಾಳು. ಬಿಚ್ಚಿ ಹಾಕಿಕೊಡುವವರು ಮನೆಯಲ್ಲಿರುವಾಗಲೇ ಕಲಿಯುವುದು ಲೇಸಲ್ಲವೆ?