ಸ್ಟ್ರೌಸನ ಋತುಗೀತಗಳೂ ಮೈಸೂರಿನ ಆಶ್ರಯವೂ

ನಮ್ಮ ಮರಳೂರಿನ ಸೀಮೆಯಲ್ಲಿ ಸೆಪ್ಟೆಂಬರ್ ಎಂದರೆ ಭಾದ್ರಪದದ ಮೋಡ, ಹೊಲದಲ್ಲಿ ಹಸಿರೇರಿದ ರಾಗಿ. ಮಧ್ಯ ಯೂರೋಪಿನಲ್ಲಾದರೋ ಅದು ಬೇಸಗೆಯ ಅವಸಾನಕಾಲ. ತೋಟದ ಎಲೆಗಳು ಹೊನ್ನಬಣ್ಣಕ್ಕೆ ತಿರುಗಿ ಉದುರತೊಡಗುತ್ತವೆ. ಈ ಭೇದವನ್ನು ಗಮನದಲ್ಲಿಟ್ಟುಕೊಂಡಲ್ಲದೆ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸನ ‘ಸೆಪ್ಟೆಂಬರ್’ ಎಂಬ ಗೀತೆಯ ಭಾವವು ನಮಗೆ ಎಟುಕಲಾರದು. ಆ ಗೀತೆಯ ಪ್ರಥಮ ಪ್ರದರ್ಶನಕ್ಕೆ ಮೈಸೂರಿನ ಆಶ್ರಯವಿದ್ದುದರಿಂದ ಅದು ಕರ್ಣಾಟಕದ ಇತಿಹಾಸಕ್ಕೂ ಸೇರಿದ ವಿಷಯವಾಗಿದೆ.

1864ರಲ್ಲಿ ಜನಿಸಿದ ಸ್ಟ್ರೌಸನು ತನ್ನ ಇಳಿವಯಸ್ಸಿನಲ್ಲಿ, 1948ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ, ನಾಲ್ಕು ಗೀತೆಗಳನ್ನು ಪೂರ್ಣಗೊಳಿಸಿದನು. ‘ವಸಂತ’, ‘ಸೆಪ್ಟೆಂಬರ್’, ‘ನಿದ್ರೆಗೆ ಹೋಗುವಾಗ’ ಎಂಬ ಮೂರರ ಸಾಹಿತ್ಯವು ಹರ್ಮನ್ ಹೆಸ್ಸೆಯದು. ‘ಸಂಜೆಗೆಂಪಿನಲ್ಲಿ’ ಎಂಬುದು ಐಖೆಂಡಾರ್ಫನದು. ‘ನಾಲ್ಕು ಅಂತಿಮ ಗೀತೆಗಳು’ ಎಂಬ ಹೆಸರನ್ನು ಇವಕ್ಕೆ ಇಟ್ಟವನು ಸ್ಟ್ರೌಸನಲ್ಲ, ಪ್ರಕಾಶಕ ಅರ್ನ್‌ಸ್ಟ್ ರಾತ್. ಇವು ಒಬ್ಬ ಗಾಯಕಿಗೂ ದೊಡ್ಡ ವಾದ್ಯವೃಂದಕ್ಕೂ ರಚಿತವಾದವು. ಆದರೂ ಹಲವೆಡೆ ಒಂದೇ ವಾದ್ಯವು ಕಂಠದೊಡನೆ ಸಂಭಾಷಿಸುವುದರಿಂದ, ಕಿರುಕೋಣೆಯ ಸಂಗೀತಕ್ಕೆ ಸಹಜವಾದ ಆಪ್ತತೆ ಅಲ್ಲಿ ಒದಗುತ್ತದೆ. ‘ಸೆಪ್ಟೆಂಬರ್’ ಗೀತೆಯಲ್ಲಿ ಗಾಯನ ಮುಗಿದ ಮೇಲೆ ಉಳಿಯುವ ಮುಖ್ಯ ಧ್ವನಿ ಹಾರ್ನ್ ಎಂಬ ಕಹಳೆಯದು. ಸ್ಟ್ರೌಸನ ತಂದೆ ಫ್ರಾನ್ಜ್ ಸ್ಟ್ರೌಸನು ಮ್ಯೂನಿಕ್ ಆಸ್ಥಾನದಲ್ಲಿ ಅದೇ ವಾದ್ಯದ ಪ್ರಸಿದ್ಧ ವಾದಕನಾಗಿದ್ದನು. ಋತುವಿನ ಮುಪ್ಪೂ ಮನುಷ್ಯನ ಮುಪ್ಪೂ ಇಲ್ಲಿ ಒಂದಾಗುತ್ತವೆ.

1949ರ ಸೆಪ್ಟೆಂಬರ್ 8ರಂದು ಸ್ಟ್ರೌಸನು ತೀರಿಕೊಂಡನು. ಈ ಗೀತೆಗಳನ್ನು ಆತನು ಸಭೆಯಲ್ಲಿ ಕೇಳಲೇ ಇಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಆತನು ಬಯಸಿದ್ದಂತೆಯೇ, ನಾರ್ವೆಯ ಗಾಯಕಿ ಕಿರ್‌ಸ್ಟೆನ್ ಫ್ಲಾಗ್‌ಸ್ಟಾಡ್ ಇವನ್ನು ಹಾಡಿದಳು. ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ನಡೆಸಿದನು. ಈ ಕಛೇರಿಗೆ 4,800 ಡಾಲರುಗಳ ಹೊಣೆಯನ್ನು ಹೊತ್ತವರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. ಅವರು ಸಭೆಗೆ ಹೋಗಲಾಗಲಿಲ್ಲ; ಅವರ ಸಂಗ್ರಹಕ್ಕಾಗಿ ಧ್ವನಿಮುದ್ರಣವನ್ನು ಮೈಸೂರಿಗೆ ಕಳುಹಿಸುವ ಏರ್ಪಾಡಾಯಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರವನ್ನು ವಹಿಸಬೇಕು. ಮಹಾರಾಜರು ಗೀತೆಗಳನ್ನೇ ಬರೆಯಿಸಿದರೆಂದು ಹೇಳುವುದು ಸರಿಯಲ್ಲ. ರಚನೆ ಮುಗಿದು, ರಚನಕಾರನೂ ಗತಿಸಿದ ಮೇಲೆ ನಡೆದ ಪ್ರದರ್ಶನಕ್ಕೆ ಅವರು ಆಧಾರವಾದರು. ರಚನೆಯ ಕೀರ್ತಿಯನ್ನು ಪೋಷಕನಿಗೆ ಆರೋಪಿಸುವುದು ಅಭಿಮಾನವಾದೀತೇ ಹೊರತು ಇತಿಹಾಸವಾಗದು. ಇನ್ನು, ಇದನ್ನು ಅರಮನೆಯ ಪರದೇಶೀ ವ್ಯಾಮೋಹವೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ರಷ್ಯದ ಮೆಡ್ಟ್ನರನ ಕೃತಿಗಳು ಧ್ವನಿಮುದ್ರಣಗೊಳ್ಳಲು ನೆರವಾದ ಈ ಒಡೆಯರೇ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ಣಾಟಕ ಸಂಗೀತ ಕೃತಿಗಳನ್ನು ರಚಿಸಿದರು.

ಕಾಲವನ್ನೂ ಗಮನಿಸಬೇಕು. 1950ರ ಜನವರಿ 26ರಂದು ಭಾರತವು ಗಣರಾಜ್ಯವಾಯಿತು; ಒಡೆಯರು ಮೈಸೂರಿನ ರಾಜಪ್ರಮುಖರಾದರು. ನಾಲ್ಕು ತಿಂಗಳೊಳಗೆ ಈ ಕಛೇರಿ ನಡೆಯಿತು. ಹೀಗೆ ಯೂರೋಪಿನ ಒಂದು ಸಂಗೀತಯುಗದ ಕೊನೆಯ ಸ್ವರಗಳಿಗೆ, ತನ್ನ ಅಧಿಕಾರದ ಯುಗವನ್ನು ಆಗತಾನೇ ಮುಗಿಸಿದ್ದ ಒಂದು ಅರಮನೆಯು ಆಸರೆಯಾಯಿತು. ಆಳ್ವಿಕೆ ಮುಗಿದೊಡನೆ ಆಶ್ರಯವೂ ಮುಗಿಯುತ್ತದೆಂಬ ಸಾಮಾನ್ಯ ತೀರ್ಮಾನವನ್ನು ಮರುಪರಿಶೀಲಿಸಲು ಈ ಒಂದು ನಿದರ್ಶನವೇ ಸಾಕು.