ಒಕ್ಕೂಟ ಬಿಡುವ ತೊಡಕು: ಬ್ರಿಟನ್ ಕಂಡ ದಾರಿ

ದೇಶಗಳು ಸೇರಿ ಕಟ್ಟಿಕೊಳ್ಳುವ ವ್ಯಾಪಾರ ಕೂಟಗಳಲ್ಲಿ ಹಲವು ಹಂತಗಳಿವೆ. ಸದಸ್ಯ ದೇಶಗಳು ತಮ್ಮೊಳಗಿನ ಸುಂಕವನ್ನಷ್ಟೇ ತೆಗೆದುಹಾಕಿದರೆ ಅದು ಮುಕ್ತ ವ್ಯಾಪಾರ ವಲಯ. ಹೊರಗಿನಿಂದ ಬರುವ ಸರಕಿಗೆ ಎಲ್ಲರೂ ಒಂದೇ ದರದ ಸುಂಕ ವಿಧಿಸಿದರೆ ಅದು ಸುಂಕ ಒಕ್ಕೂಟ. ಸರಕಿನ ಗುಣಮಟ್ಟ, ಆಹಾರ ಸುರಕ್ಷತೆ, ಔಷಧ ಪರವಾನಗಿಯಂಥ ನಿಯಮಗಳನ್ನೂ ಒಂದಾಗಿಸಿ, ಜನ, ಬಂಡವಾಳ ಮತ್ತು ಸೇವೆಗಳಿಗೆ ಗಡಿಯ ಅಡ್ಡಿ ಇಲ್ಲದಂತೆ ಮಾಡಿದರೆ ಅದು ಏಕ ಮಾರುಕಟ್ಟೆ. ಐರೋಪ್ಯ ಒಕ್ಕೂಟ ಈ ಮೂರನ್ನೂ ಒಳಗೊಂಡಿದೆ. ನಂಟು ಬಿಗಿಯಾದಷ್ಟೂ ಬಿಡಿಸಿಕೊಳ್ಳುವುದು ಕಷ್ಟ.

ಡೆನ್ಮಾರ್ಕಿನ ಭಾಗವಾಗಿ 1973ರಲ್ಲಿ ಈ ಒಕ್ಕೂಟದ ಹಿಂದಿನ ರೂಪವಾದ ಯುರೋಪಿನ ಆರ್ಥಿಕ ಸಮುದಾಯದೊಳಗೆ ಬಂದಿದ್ದ ಗ್ರೀನ್‌ಲ್ಯಾಂಡ್, 1982ರಲ್ಲಿ ಜನಮತಗಣನೆ ನಡೆಸಿ ಹೊರಹೋಗಲು ತೀರ್ಮಾನಿಸಿತು. ಅಲ್ಲಿನ ಜನಸಂಖ್ಯೆ ಸುಮಾರು 50 ಸಾವಿರ. ಮಾತುಕತೆಯ ಮುಖ್ಯ ವಿಷಯ ಮೀನುಗಾರಿಕೆ ಒಂದೇ. ಅಷ್ಟಕ್ಕೇ 1985ರ ಫೆಬ್ರುವರಿವರೆಗೆ ಕಾಯಬೇಕಾಯಿತು. ಅದೇ 1973ರಲ್ಲಿ ಸೇರಿದ್ದ ಬ್ರಿಟನ್ ಹೊರಬರಲು ಹೊರಟಾಗ, ನಾಲ್ಕು ದಶಕಗಳಿಗೂ ಹೆಚ್ಚು ಕಾಲದ ಕಾನೂನು ಮತ್ತು ವ್ಯವಹಾರಗಳನ್ನು ಬಿಡಿಸಬೇಕಿತ್ತು.

2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮತದಾರರು ಒಕ್ಕೂಟ ಬಿಡುವ ಪರ, ಶೇ 48.1ರಷ್ಟು ಮಂದಿ ಉಳಿಯುವ ಪರ ಮತ ಹಾಕಿದರು. ಮತಪತ್ರದಲ್ಲಿ ಇದ್ದದ್ದು ಇರಬೇಕೋ ಬಿಡಬೇಕೋ ಎಂಬ ಪ್ರಶ್ನೆ ಮಾತ್ರ. ಬಿಟ್ಟ ಮೇಲೆ ಹೇಗಿರಬೇಕು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ನಾರ್ವೆಯಂತೆ ಒಕ್ಕೂಟದ ಹೊರಗಿದ್ದೂ ಏಕ ಮಾರುಕಟ್ಟೆಯಲ್ಲಿ ಉಳಿಯಬಹುದಿತ್ತು. ಹಾಗೆ ಮಾಡಿದರೆ ಯುರೋಪಿನ ಜನರ ವಲಸೆಗೆ ಬಾಗಿಲು ತೆರೆದೇ ಇರಬೇಕು, ಒಕ್ಕೂಟದ ನಿಯಮಗಳನ್ನು ಪಾಲಿಸಬೇಕು, ಅವನ್ನು ರೂಪಿಸುವಾಗ ಮತ ಹಾಕುವ ಹಕ್ಕು ಮಾತ್ರ ಇರುವುದಿಲ್ಲ. ಕೆನಡಾದಂತೆ ಬರೀ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಸ್ವಾತಂತ್ರ್ಯ ಹೆಚ್ಚು, ಗಡಿಯ ತಪಾಸಣೆಯೂ ಹೆಚ್ಚು. ಒಪ್ಪಂದವೇ ಇಲ್ಲದೆ ಹೊರಬಿದ್ದರೆ ವಿಶ್ವ ವ್ಯಾಪಾರ ಸಂಸ್ಥೆಯ ಸಾಮಾನ್ಯ ನಿಯಮಗಳೇ ಗತಿ. ಬಿಡಬೇಕೆಂದು ಮತ ಹಾಕಿದವರೊಳಗೇ ಈ ಮೂರು ದಾರಿಗಳ ಬಗ್ಗೆ ಒಮ್ಮತವಿರಲಿಲ್ಲ.

ಕಾಲಮಿತಿಯೂ ಬ್ರಿಟನ್ನಿಗೆ ಅನುಕೂಲವಾಗಿರಲಿಲ್ಲ. ಐರೋಪ್ಯ ಒಕ್ಕೂಟ ಒಪ್ಪಂದದ 50ನೇ ವಿಧಿಯ ಪ್ರಕಾರ, ಬಿಡುವುದಾಗಿ ನೋಟಿಸ್ ಕೊಟ್ಟ ದೇಶಕ್ಕೆ ಮಾತುಕತೆ ಮುಗಿಸಲು ಎರಡು ವರ್ಷ ಸಿಗುತ್ತದೆ. ಅವಧಿ ವಿಸ್ತರಿಸಲು ಉಳಿದ ಎಲ್ಲ ಸದಸ್ಯ ದೇಶಗಳೂ ಒಪ್ಪಬೇಕು. ಸಂಸತ್ತಿನ ಒಪ್ಪಿಗೆ ಇಲ್ಲದೆ ಸರ್ಕಾರ ನೋಟಿಸ್ ಕೊಡುವಂತಿಲ್ಲ ಎಂದು 2017ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಒಪ್ಪಿಗೆ ಪಡೆದು, ಪ್ರಧಾನಿ ಥೆರೆಸಾ ಮೇ ಆ ವರ್ಷದ ಮಾರ್ಚ್ 29ರಂದು ನೋಟಿಸ್ ಕೊಟ್ಟರು. ಸಂಸತ್ತಿನಲ್ಲಿ ಬಲ ಹೆಚ್ಚಿಸಿಕೊಳ್ಳಲು ಜೂನ್‌ನಲ್ಲಿ ಚುನಾವಣೆಗೆ ಹೋಗಿ, ಇದ್ದ ಬಹುಮತವನ್ನೂ ಕಳೆದುಕೊಂಡರು. ಅವರು ತಂದ ಒಪ್ಪಂದ 2019ರ ಜನವರಿಯಲ್ಲಿ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ 202–432 ಮತಗಳಿಂದ ಬಿದ್ದುಹೋಯಿತು. ಮತ್ತೆರಡು ಬಾರಿ ತಂದರೂ ಗೆಲ್ಲಲಿಲ್ಲ. ಗಡುವನ್ನು ಮೂರು ಸಲ ಮುಂದೂಡಲಾಯಿತು. ಮೇ ಅವರ ಬಳಿಕ ಪ್ರಧಾನಿಯಾದ ಬೋರಿಸ್ ಜಾನ್ಸನ್ 2019ರ ಡಿಸೆಂಬರ್‌ ಚುನಾವಣೆಯಲ್ಲಿ ಸ್ಪಷ್ಟ ಬಹುಮತ ಪಡೆದ ಮೇಲಷ್ಟೇ ದಾರಿ ತೆರೆದದ್ದು. 2020ರ ಜನವರಿ 31ರಂದು ಬ್ರಿಟನ್ ಸದಸ್ಯತ್ವ ಬಿಟ್ಟಿತು. ಆ ವರ್ಷದ ಕೊನೆಯವರೆಗೆ ಹಳೆಯ ನಿಯಮಗಳೇ ಮುಂದುವರಿದವು.

ಬಿಡುವ ದೇಶ ಬಾಕಿಯನ್ನೂ ತೀರಿಸಬೇಕು. ಸದಸ್ಯನಾಗಿದ್ದಾಗ ಒಪ್ಪಿಕೊಂಡ ಯೋಜನೆಗಳ ಪಾಲು, ಒಕ್ಕೂಟದ ನೌಕರರ ಪಿಂಚಣಿ ಮುಂತಾದವು ಸೇರಿ ಬ್ರಿಟನ್ ಕೊಡಬೇಕಾದ ಮೊತ್ತ 3,500ರಿಂದ 3,900 ಕೋಟಿ ಪೌಂಡ್ ಆಗಬಹುದೆಂದು ಆ ದೇಶದ ಹಣಕಾಸು ಇಲಾಖೆ ಮೊದಲಿಗೆ ಅಂದಾಜಿಸಿತ್ತು. ಲಂಡನ್ನಿನಲ್ಲಿದ್ದ ಒಕ್ಕೂಟದ ಔಷಧ ಸಂಸ್ಥೆ ಆಮ್‌ಸ್ಟರ್‌ಡ್ಯಾಮಿಗೆ, ಬ್ಯಾಂಕಿಂಗ್ ಪ್ರಾಧಿಕಾರ ಪ್ಯಾರಿಸ್ಸಿಗೆ ಹೋದವು.

ಎಲ್ಲಕ್ಕಿಂತ ಜಟಿಲವಾದದ್ದು ಐರ್ಲೆಂಡಿನ ಗಡಿ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ಅದಕ್ಕೆ ಹೊಂದಿಕೊಂಡ ಐರ್ಲೆಂಡ್ ಗಣರಾಜ್ಯ ಒಕ್ಕೂಟದ ಸದಸ್ಯ. ಇವೆರಡರ ನಡುವಿನ ಸುಮಾರು 500 ಕಿಲೋಮೀಟರ್ ಗಡಿಯನ್ನು 200ಕ್ಕೂ ಹೆಚ್ಚು ಕಡೆ ರಸ್ತೆಗಳು ದಾಟುತ್ತವೆ. ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಶಾಂತಿ ಒಪ್ಪಂದದ ಬಳಿಕ ಅಲ್ಲಿನ ಕಾವಲು ಗೋಪುರಗಳು ಮಾಯವಾಗಿದ್ದವು. ಅಲ್ಲಿ ಮತ್ತೆ ಚೆಕ್‌ಪೋಸ್ಟ್ ಬಂದರೆ ಶಾಂತಿಗೇ ಧಕ್ಕೆ. ಚೆಕ್‌ಪೋಸ್ಟ್ ಬೇಡವೆಂದರೆ ಒಕ್ಕೂಟದ ಮಾರುಕಟ್ಟೆಗೆ ಕಾವಲಿಲ್ಲದ ಬಾಗಿಲು ತೆರೆದಂತೆ. ಕೊನೆಗೆ ಸರಕಿನ ಮಟ್ಟಿಗೆ ಉತ್ತರ ಐರ್ಲೆಂಡನ್ನು ಒಕ್ಕೂಟದ ನಿಯಮಗಳಡಿ ಇರಿಸಿ, ತಪಾಸಣೆಯನ್ನು ಸಮುದ್ರದ ಗಡಿಗೆ, ಅಂದರೆ ಬ್ರಿಟನ್ನಿನ ಎರಡು ಭಾಗಗಳ ನಡುವೆಯೇ ತರಲಾಯಿತು. ಇದನ್ನು ವಿರೋಧಿಸಿ ಬ್ರಿಟನ್ ಪರ ನಿಲುವಿನ ಡಿಯುಪಿ ಪಕ್ಷ ಬೆಲ್‌ಫಾಸ್ಟಿನ ಪ್ರಾಂತೀಯ ಸರ್ಕಾರದಿಂದ 2022ರಲ್ಲಿ ಹೊರಬಂದು, 2024ರ ಫೆಬ್ರುವರಿವರೆಗೆ ದೂರ ಉಳಿಯಿತು. 2023ರ ವಿಂಡ್ಸರ್ ಒಪ್ಪಂದ ಈ ತಪಾಸಣೆಯನ್ನು ಸಡಿಲಗೊಳಿಸಿತು. ಉತ್ತರ ಐರ್ಲೆಂಡಿನಲ್ಲೇ ಖರ್ಚಾಗುವ ಸರಕಿಗೆ ಹಸಿರು ಸಾಲು, ಅಲ್ಲಿಂದ ಗಣರಾಜ್ಯಕ್ಕೆ ಹೋಗಬಹುದಾದ ಸರಕಿಗೆ ಕೆಂಪು ಸಾಲು ಎಂಬ ವ್ಯವಸ್ಥೆ ಬಂತು. ಹಸಿರು ಸಾಲಿನಲ್ಲಿ ಸಾಗುವ ಹಾಲು, ಮಾಂಸದಂಥ ಪದಾರ್ಥಗಳ ಪೊಟ್ಟಣದ ಮೇಲೆ ‘ಐರೋಪ್ಯ ಒಕ್ಕೂಟಕ್ಕಲ್ಲ’ ಎಂಬ ಮುದ್ರೆ ಇರುತ್ತದೆ.

2020ರ ಡಿಸೆಂಬರ್ 24ರಂದು ಕುದುರಿದ ವ್ಯಾಪಾರ ಒಪ್ಪಂದ ಬ್ರಿಟನ್ ಮತ್ತು ಒಕ್ಕೂಟದ ನಡುವಿನ ಸರಕಿಗೆ ಸುಂಕವನ್ನೂ ಕೋಟಾವನ್ನೂ ಇಲ್ಲವಾಗಿಸಿತು. ಆದರೆ ಸುಂಕವಿಲ್ಲ ಎಂದ ಮಾತ್ರಕ್ಕೆ ಕಾಗದಪತ್ರವಿಲ್ಲ ಎಂದಲ್ಲ. ಸರಕು ನಿಜಕ್ಕೂ ಬ್ರಿಟನ್ನಿನಲ್ಲೇ ತಯಾರಾದದ್ದೆಂದು ತೋರಿಸಬೇಕು; ಬಿಡಿಭಾಗಗಳಲ್ಲಿ ಹೊರಗಿನದೇ ಹೆಚ್ಚಾದರೆ ಸುಂಕ ವಿನಾಯಿತಿ ತಪ್ಪುತ್ತದೆ. ಮಾಂಸ, ಮೀನಿನ ಲೋಡಿಗೆ ಪಶುವೈದ್ಯರ ಸಹಿಯಿರುವ ಪ್ರಮಾಣಪತ್ರ ಬೇಕು. 2021ರ ಜನವರಿಯಲ್ಲಿ ಈ ದಾಖಲೆಗಳ ವಿಳಂಬದಿಂದ ಸ್ಕಾಟ್ಲೆಂಡಿನ ತಾಜಾ ಮೀನು ದಾರಿಯಲ್ಲೇ ಬೆಲೆ ಕಳೆದುಕೊಂಡಿತು. ವ್ಯಾಪಾರಿಗಳು ಲಾರಿಗಳನ್ನು ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಗೇ ತಂದು ಪ್ರತಿಭಟಿಸಿದರು. ಚಿಪ್ಪುಮೀನು ಸಾಕುವವರ ಪಾಡು ಇನ್ನೂ ಕೆಟ್ಟದ್ದು. ಎರಡನೇ ದರ್ಜೆಯ ನೀರಿನಲ್ಲಿ ಬೆಳೆದ ಚಿಪ್ಪುಮೀನನ್ನು ಮೊದಲು ಜೀವಂತವಾಗಿಯೇ ಕಳುಹಿಸಿ, ಯುರೋಪಿನಲ್ಲಿ ಶುದ್ಧೀಕರಿಸಲಾಗುತ್ತಿತ್ತು. ಹೊರಗಿನ ದೇಶಗಳಿಗೆ ಆ ಅವಕಾಶವಿಲ್ಲ. ಬ್ರಿಟನ್ ಈಗ ಹೊರಗಿನ ದೇಶ. ಅತ್ತ ಯುರೋಪಿನಿಂದ ಬರುವ ಆಹಾರದ ತಪಾಸಣೆಯನ್ನು ಬ್ರಿಟನ್ ತಾನೇ ಹಲವು ಬಾರಿ ಮುಂದೂಡಿ, 2024ರ ಏಪ್ರಿಲ್‌ನಲ್ಲಷ್ಟೇ ಬಂದರುಗಳಲ್ಲಿ ಶುರುಮಾಡಿತು.

ಒಕ್ಕೂಟದ ಹೆಸರಿನಲ್ಲಿ ಮೂರನೆಯವರೊಂದಿಗೆ ಆಗಿದ್ದ ಒಪ್ಪಂದಗಳನ್ನೂ ಹೊಸದಾಗಿ ಮಾಡಿಕೊಳ್ಳಬೇಕಾಗುತ್ತದೆ. ನ್ಯೂಜಿಲೆಂಡ್ ವರ್ಷಕ್ಕೆ ಸುಮಾರು 2.28 ಲಕ್ಷ ಟನ್ ಕುರಿಮಾಂಸವನ್ನು ಒಕ್ಕೂಟಕ್ಕೆ ರಿಯಾಯಿತಿಯಲ್ಲಿ ಕಳುಹಿಸಬಹುದಿತ್ತು. ಬ್ರಿಟನ್ ಮತ್ತು ಒಕ್ಕೂಟ ಆ ಕೋಟಾವನ್ನು ಇಬ್ಭಾಗ ಮಾಡಲು ಹೊರಟಾಗ ನ್ಯೂಜಿಲೆಂಡ್ ಆಕ್ಷೇಪಿಸಿತು: ಬೇಡಿಕೆ ನೋಡಿಕೊಂಡು ಎಲ್ಲಿಗೆ ಬೇಕಾದರೂ ಮಾರುವ ಅನುಕೂಲ ಎರಡು ಚಿಕ್ಕ ಕೋಟಾಗಳಲ್ಲಿ ಇರುವುದಿಲ್ಲ.

ಬಿಟ್ಟದ್ದರಿಂದ ಸಿಕ್ಕ ಸ್ವಾತಂತ್ರ್ಯವೂ ಇದೆ. ಸುಂಕ ಒಕ್ಕೂಟದಲ್ಲಿದ್ದಾಗ ಬ್ರಿಟನ್ ಪ್ರತ್ಯೇಕ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. 2022ರಲ್ಲಿ ಭಾರತದೊಂದಿಗೆ ಆರಂಭಿಸಿದ ಮಾತುಕತೆ 2025ರ ಜುಲೈ 24ರಂದು ಸಹಿಯಲ್ಲಿ ಮುಗಿಯಿತು. 2024ರ ಡಿಸೆಂಬರ್‌ನಲ್ಲಿ ಪೆಸಿಫಿಕ್ ದೇಶಗಳ ವ್ಯಾಪಾರ ಕೂಟವನ್ನೂ ಬ್ರಿಟನ್ ಸೇರಿತು. ಆದರೆ ದೂರದ ಮಾರುಕಟ್ಟೆಯ ಗಳಿಕೆ ನೆರೆಯ ನಷ್ಟವನ್ನು ತುಂಬಿಲ್ಲ. ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೀರ್ಘಾವಧಿಯಲ್ಲಿ ದೇಶದ ಉತ್ಪಾದಕತೆ ಸುಮಾರು ಶೇ 4ರಷ್ಟು ಕಡಿಮೆಯಾಗುತ್ತದೆ ಎಂಬುದು ಬ್ರಿಟನ್ನಿನ ಸ್ವತಂತ್ರ ಬಜೆಟ್ ಪರಿಶೀಲನಾ ಸಂಸ್ಥೆಯ ಅಂದಾಜು.

ಆದ್ದರಿಂದಲೇ 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಒಕ್ಕೂಟ ಲಂಡನ್ನಿನಲ್ಲಿ ಮತ್ತೆ ಕೂತು, ಆಹಾರ ಸರಕಿನ ತಪಾಸಣೆ ತಗ್ಗಿಸುವ ಒಪ್ಪಂದದತ್ತ ಸಾಗಲು ತೀರ್ಮಾನಿಸಿದವು. ಅದಕ್ಕಾಗಿ ಬ್ರಿಟನ್ ಒಕ್ಕೂಟದ ಆಹಾರ ನಿಯಮಗಳು ಬದಲಾದಂತೆಲ್ಲ ತನ್ನವನ್ನೂ ಬದಲಿಸಿಕೊಳ್ಳಬೇಕು. ಯುರೋಪಿನ ಮೀನುಗಾರರಿಗೆ ಬ್ರಿಟನ್ನಿನ ಕಡಲು 2038ರವರೆಗೆ ತೆರೆದಿರಬೇಕು ಎಂಬುದಕ್ಕೂ ಒಪ್ಪಿಗೆಯಾಯಿತು. ನಿಯಮ ಮಾಡುವ ಮೇಜಿನಿಂದ ಎದ್ದುಬಂದ ದೇಶವೂ ದೊಡ್ಡ ನೆರೆಮನೆಗೆ ಸರಕು ಮಾರಬೇಕಾದರೆ ಆ ನಿಯಮಗಳಿಂದ ಪೂರ್ತಿ ಬಿಡುಗಡೆ ಪಡೆಯಲಾರದು.