ಚಳಿಯ ಮೇಲೇಕೆ ಗೂಬೆ?

ಡಿಸೆಂಬರ್ ಬಂತೆಂದರೆ ಹಳೆಯ ಕಾರುಗಳ ಒಡೆಯರದು ಒಂದೇ ದೂರು: ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಎಲ್ಲರೂ ದೂಷಿಸುವುದು ಚಳಿಯನ್ನು. ಆದರೆ ಬೆಂಗಳೂರಿನ ಡಿಸೆಂಬರ್ ಬೆಳಗಿನ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ನಮ್ಮ ಪ್ರೀಮಿಯರ್ ಪದ್ಮಿನಿಯ ಮೂಲವಾದ ಇಟಲಿಯ ಫಿಯೆಟ್ 1100 ಇದಕ್ಕಿಂತ ಕಠಿಣವಾದ ಚಳಿಗಾಲಗಳನ್ನು ಕಂಡಿತ್ತು. ಅಂಥದೊಂದು ಪದ್ಮಿನಿಯನ್ನು ಬಹುಕಾಲದಿಂದ ಓಡಿಸುತ್ತಿರುವ ನನ್ನ ಅನುಭವ ಇಷ್ಟು: ಚಳಿ ಹೊಸ ದೋಷವನ್ನು ತರುವುದು ಅಪರೂಪ, ಅಡಗಿದ್ದ ದೋಷವನ್ನು ಬಯಲಿಗೆಳೆಯುತ್ತದೆ.

ಪೆಟ್ರೋಲ್ ದ್ರವರೂಪದಲ್ಲಿ ಉರಿಯದು. ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ತಣ್ಣಗಿನ ಎಂಜಿನ್‌ನಲ್ಲಿ ಅದರ ಸ್ವಲ್ಪ ಪಾಲಷ್ಟೇ ಆವಿಯಾಗುತ್ತದೆ. ಈ ಕೊರತೆಯನ್ನು ತುಂಬುವುದು ಚೋಕ್. ಅದು ಗಾಳಿಯ ದಾರಿಯನ್ನು ಕಿರಿದಾಗಿಸಿ ಅಥವಾ ಹೆಚ್ಚುವರಿ ಪೆಟ್ರೋಲಿಗೆ ಬೇರೆ ದಾರಿ ತೆರೆದು ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸುತ್ತದೆ. ಎಷ್ಟೋ ಕಾರುಗಳಲ್ಲಿ ಹಿಡಿ ಎಳೆದರೆ ಕೈಗೆ ಬರುತ್ತದೆ, ಆದರೆ ಸಡಿಲಗೊಂಡ ಕೇಬಲ್‌ನಿಂದಾಗಿ ಕಾರ್ಬುರೇಟರಿನಲ್ಲಿ ಏನೂ ಅಲುಗುವುದಿಲ್ಲ. ಬಾನೆಟ್ ತೆರೆದು ಇದನ್ನು ಕಣ್ಣಾರೆ ನೋಡಬೇಕು.

ಪರೀಕ್ಷೆಗೆ ಒಂದು ಕ್ರಮವಿದೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಮೊದಲು ಬ್ಯಾಟರಿಯನ್ನೂ ಅದರ ಟರ್ಮಿನಲ್‌ಗಳ ಮೇಲಿನ ಬಿಳಿ ಪುಡಿಯನ್ನೂ ಗಮನಿಸಿ. ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಅದು ಒಣಗಿದ್ದರೆ ಪೆಟ್ರೋಲ್ ತಲಪಿಲ್ಲ. ಹಲವು ದಿನ ನಿಂತ ಕಾರಿನ ಫ್ಲೋಟ್ ಚೇಂಬರಿನಿಂದ ಪೆಟ್ರೋಲ್ ಆರಿಹೋಗುತ್ತದೆ. ಎಂಜಿನ್ ತಿರುಗಿದಾಗಲೇ ನಡೆಯುವ ಪಂಪು ಅದನ್ನು ಮತ್ತೆ ತುಂಬಲು ಸಮಯ ಬೇಕು. ಪ್ಲಗ್ ತೊಯ್ದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ. ಪ್ಲಗ್ ಒರೆಸಿ ಮರಳಿ ಕೂರಿಸಿ, ಚೋಕ್ ಒಳಗೆ ತಳ್ಳಿ, ಆ್ಯಕ್ಸಿಲರೇಟರನ್ನು ಪೂರ್ತಿ ಒತ್ತಿ ಕೆಲವು ಕ್ಷಣ ಸೆಲ್ಫ್ ಹೊಡೆಯಿರಿ. ಆಗಲೂ ಮಣಿಯದಿದ್ದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್, ಕಂಡೆನ್ಸರ್‌ಗಳತ್ತ ನೋಡಬೇಕು. ಕಾರ್ಬುರೇಟರಿಗೆ ನೇರವಾಗಿ ಪೆಟ್ರೋಲ್ ಸುರಿಯುವ ಚಾಳಿ ಬೆಂಕಿಗೆ ಆಹ್ವಾನ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದಂತೂ ಪ್ರಾಣಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಈಗ ಇನ್ನೊಂದು ಅಂಶ ಸೇರಿದೆ. 2025ರಲ್ಲಿ ದೇಶವು ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿ ತಲಪಿತು. ಆವಿಯಾಗಲು ಎಥೆನಾಲ್‌ಗೆ ಪೆಟ್ರೋಲಿನ ಎರಡು ಪಟ್ಟಿಗೂ ಮೀರಿದ ಶಾಖ ಬೇಕು. ಅದು ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆ, ಡಯಾಫ್ರಂಗಳನ್ನು ಕೆಡಿಸುತ್ತದೆ. ಕಬ್ಬು ಬೆಳೆಯುವ ರೈತನಿಗೂ ವಿದೇಶಿ ವಿನಿಮಯಕ್ಕೂ ಈ ನೀತಿಯಿಂದ ಲಾಭವಿರಬಹುದು. ಆದರೆ ಹಳೆಯ ವಾಹನಗಳಿಗೆ ಎಥೆನಾಲ್ ತಾಳಿಕೊಳ್ಳುವ ಬಿಡಿಭಾಗಗಳು ಸುಲಭವಾಗಿ ಸಿಗುವಂತೆ ಮಾಡುವುದೂ ನೀತಿಯ ಭಾಗವಾಗಬೇಡವೇ?

ಬಿಡಿಭಾಗಕ್ಕಿಂತ ವೇಗವಾಗಿ ಕಣ್ಮರೆಯಾಗುತ್ತಿರುವುದು ಕಸುಬು. ಕಂಪ್ಯೂಟರ್ ಜೋಡಿಸಿ ದೋಷದ ಸಂಖ್ಯೆ ಓದುವುದನ್ನು ಕಲಿತ ಹೊಸ ಪೀಳಿಗೆಗೆ ಕಾರ್ಬುರೇಟರ್ ಅಪರಿಚಿತ. ಹೀಗಾಗಿ ಊಹೆಯ ಮೇಲೆ ಒಂದೊಂದೇ ಭಾಗ ಬದಲಾಗುತ್ತದೆ, ಬಿಲ್ಲು ಬೆಳೆಯುತ್ತದೆ, ಬೇಸತ್ತ ಮಾಲೀಕ ಕಾರನ್ನು ಗುಜರಿಗೆ ತಳ್ಳುತ್ತಾನೆ. ನಿಜಕ್ಕೂ ಸವೆದ ಕಾರು ರಸ್ತೆ ಬಿಡುವುದೇ ಸರಿ. ಆದರೆ ಒಂದು ಸಡಿಲ ಕೇಬಲ್ಲಿಗಾಗಿ ಯಾವ ಕಾರೂ ಗುಜರಿ ಸೇರಬಾರದು. ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ; ಐಟಿಐಗಳು ಅವರನ್ನು ಕರೆಸಿ ಕೆಲವು ದಿನ ಪಾಠ ಹೇಳಿಸಿದರೂ ಸಾಕು, ಈ ವಿದ್ಯೆ ಉಳಿದೀತು.